ಜೋಡುನಳಿಗೆಗೊಂದು ಹೆಗಲು

ನಮ್ಮ ಮನೆಯ ಮುಂಬಾಗಿಲ ಹಿಂದೆ, ಶೂ ಸ್ಟ್ಯಾಂಡಿನ ಪಕ್ಕದಲ್ಲಿ, ಉದ್ದನೆಯ ಕರಿ ಛತ್ರಿಯೊಂದು ಗೋಡೆಗೆ ಒರಗಿ ನಿಂತಿದೆ. ಮೈಸೂರಿನಿಂದ ಬಂದದ್ದು. ನಾವೀಗಿರುವ ಕೆರೊಲಿನಾದ ಏಪೆಕ್ಸ್‌ನಲ್ಲಿ ಛತ್ರಿ ಯಾರಿಗೆ ಬೇಕು ಹೇಳಿ? ಗ್ಯಾರೇಜಿನೊಳಗೆ ಕಾರು ಹತ್ತುತ್ತೇವೆ, ಅಂಗಡಿಯ ಬಾಗಿಲಲ್ಲಿ ಇಳಿಯುತ್ತೇವೆ. ಮಳೆಗೆ ನಮ್ಮ ಮೇಲೆ ಬೀಳುವ ಆಸೆಯಿದ್ದರೆ ಅದು ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬರಬೇಕು. ಬಟ್ಟೆ ಎರಡು ಕಡೆ ಹರಿದಿದೆ, ಒಂದು ಕಡ್ಡಿ ಮುರಿದ ಕೈಯ ಹಾಗೆ ಜೋತಾಡುತ್ತದೆ. ಆದರೂ ಅದನ್ನು ಎಸೆಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅದರ ಹಿಡಿಯ ಹತ್ತಿರ ಒಂದು ಜಾಗ ಮಾತ್ರ ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುತ್ತದೆ. ಅದು ನನ್ನ ಕೆನ್ನೆ ತಾಗಿ ತಾಗಿ ಬಂದ ಹೊಳಪು. ಛತ್ರಿಗೂ ಕೆನ್ನೆಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಕೇಳಲೆಂದೇ ಹೇಳಿದೆ.

ನಾನೊಬ್ಬ ಅಣಕಿಗ. ಹುಟ್ಟಿನಿಂದಲೇ. ಯಾರಾದರೂ ಎರಡು ನಿಮಿಷ ನನ್ನೆದುರು ಮಾತಾಡಿದರೆ ಸಾಕು, ಮೂರನೆಯ ನಿಮಿಷಕ್ಕೆ ನನ್ನ ಕತ್ತು ಅವರ ಕತ್ತಿನ ಹಾಗೆ ಓರೆಯಾಗುತ್ತದೆ, ನಾಲ್ಕನೆಯ ನಿಮಿಷಕ್ಕೆ ಅವರ ಕೆಮ್ಮು ನನಗೆ ಅಂಟುತ್ತದೆ. ಮೈಸೂರಿನಲ್ಲಿ ಐದನೆಯ ತರಗತಿಯಲ್ಲಿದ್ದಾಗ ನೀರಿನ ತೊಟ್ಟಿಯ ಹಿಂದೆ ನಿಂತು ಹೆಡ್‌ಮಾಸ್ಟರ ದನಿಯಲ್ಲಿ, "ಎಲ್ಲರಿಗೂ ಅರ್ಧ ದಿನ ರಜಾ, ಸಾಲಾಗಿ ಹೋಗ್ರಿ" ಎಂದೆ. ಎರಡು ತರಗತಿ ಸಾಲಾಗಿ ಮನೆಗೆ ಹೋಯಿತು. ಹೆಡ್‌ಮಾಸ್ಟರೇ ಒಂದು ಕ್ಷಣ ಕಿಟಕಿಯಿಂದ ಇಣುಕಿ, ತಾವು ರಜಾ ಕೊಟ್ಟದ್ದು ಯಾವಾಗ ಎಂದು ಯೋಚಿಸಿದರಂತೆ. ನನ್ನ ದುರದೃಷ್ಟಕ್ಕೆ ನನ್ನ ಅಮ್ಮಿ ಅದೇ ಶಾಲೆಯಲ್ಲಿ ಕನ್ನಡ ಟೀಚರ್. ಮನೆಯೊಳಗೆ ನಮ್ಮದು ಉರ್ದು. ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ, ವ್ಯಾಕರಣ ಸಮೇತ. ಆವತ್ತು ಸಂಜೆ ಕಿವಿ ಹಿಂಡಿ, ಹಿಂಡುವುದೆಲ್ಲ ಮುಗಿದ ಮೇಲೆ ಅಮ್ಮಿ ತಣ್ಣಗೆ ಹೇಳಿದರು: "ಅವರು ರಜಾ ಅನ್ನೋಕೆ ಮುಂಚೆ ಎರಡು ಸಲ ಕೆಮ್ಮುತಾರೆ. ನೀನು ಒಂದೇ ಸಲ ಕೆಮ್ಮಿದೆ. ಅಲ್ಲೇ ಸಿಕ್ಕಿಬಿದ್ದೆ."

ಈ ಮಾತನ್ನು ನಾನು ಹದಿನಾರು ವರ್ಷ ಬರೀ ಬೈಗುಳ ಎಂದೇ ತಿಳಿದಿದ್ದೆ. ಅದು ಒಬ್ಬ ಕಸುಬುದಾರಳು ಇನ್ನೊಬ್ಬನಿಗೆ ಕೊಟ್ಟ ತಿದ್ದುಪಡಿ ಎಂದು ಹೊಳೆದದ್ದು ಒಂದು ಬಂದೂಕಿನ ಅಂಗಡಿಯಲ್ಲಿ. ಅಲ್ಲಿಗೇ ಬರುತ್ತಿದ್ದೇನೆ, ಸ್ವಲ್ಪ ಸುತ್ತಿಕೊಂಡು.

ಮೈಸೂರು ಬಿಟ್ಟ ಮೇಲೆ ನಾವು ಮೊದಲು ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿದ್ದೆವು. ಎರಡು ಸಾವಿರದ ಇಪ್ಪತ್ತರಲ್ಲಿ ಲೋಕವೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಳಗೆ ಕೂತಾಗ, ಅಬ್ಬಾ ತಮ್ಮ ಆಫೀಸನ್ನು ಲ್ಯಾಪ್‌ಟಾಪಿನೊಳಗೆ ಮಡಚಿ ಇಟ್ಟುಕೊಂಡು ನಮ್ಮನ್ನೆಲ್ಲ ಏಪೆಕ್ಸ್‌ಗೆ ತಂದರು. ಆ ಚಳಿಗಾಲ ನೆಂಟರು ಯಾರೂ ಯಾರ ಮನೆಯೊಳಗೂ ಬರುವಂತಿರಲಿಲ್ಲ. ಆಗ ಅಮ್ಮಿಯ ಅಣ್ಣ ನಜೀರ್ ಮಾಮಾ ಒಂದು ಉಪಾಯ ಹೂಡಿದರು. ಮಾಮಾ ಇರುವುದು ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ. ವಾರವಿಡೀ ಸರ್ಕಾರದ ಕಂಪ್ಯೂಟರುಗಳಿಗೆ ಔಷಧಿ ಕೊಡುತ್ತಾರೆ, ವಾರಾಂತ್ಯ ಬೆಲ್ಟ್‌ವೇ ಎಂಬ ರಿಂಗ್ ರೋಡಿನ ಟ್ರಾಫಿಕ್‌ಗೆ ಶಾಪ ಕೊಡುತ್ತಾರೆ. "ಒಳಗೆ ಸೇರಬಾರದು ತಾನೆ? ಹೊರಗೆ ಸೇರೋಣ. ಲಾವಕ್ಕಿ ಹೊಡೆಯೋಣ" ಎಂದರು. ಕೆರೊಲಿನಾದ ಪೂರ್ವ ಭಾಗದಲ್ಲಿ, ಹುಲ್ಲು ಮತ್ತು ಪೈನ್ ಮರಗಳ ನಡುವೆ, ಪರಿಚಯದ ರೈತರೊಬ್ಬರ ಜಮೀನು. ನವೆಂಬರ್ ಕೊನೆಯ ಒಂದು ಶನಿವಾರ ಅಲ್ಲಿ ನಮ್ಮ ಬಳಗ ಸೇರುವುದು ಅಂದಿನಿಂದ ಪದ್ಧತಿಯಾಯಿತು.

ಕೋವಿ ಇದ್ದವರು ಮುಂದೆ. ಇಲ್ಲದವನು ಹಿಂದೆ, ಬಿರಿಯಾನಿಯ ಡಬ್ಬಿ ಹೊತ್ತುಕೊಂಡು. ಆ ಇಲ್ಲದವನು ನಾನು. ಮೂರು ವರ್ಷ ಹೊತ್ತೆ. ಡಬ್ಬಿ ಎಂದರೆ ಟಿಫನ್ ಕ್ಯಾರಿಯರ್ ಅಲ್ಲ ಸ್ವಾಮಿ. ಹನ್ನೆರಡು ಜನಕ್ಕಾಗುವ, ಎರಡು ಹಿಡಿಯ, ಕಂಬಳಿ ಸುತ್ತಿದ ಪೆಟ್ಟಿಗೆ. ಅದನ್ನು ಹೊತ್ತು ಗದ್ದೆ ದಾಟುವವನನ್ನು ಕಂಡರೆ ಲಾವಕ್ಕಿಗಳೂ ಹೆದರುವುದಿಲ್ಲ, ಊಟಕ್ಕೆ ಎಷ್ಟು ಹೊತ್ತು ಎಂದು ಕೇಳುತ್ತವೆ. ಊಟವಾದ ಮೇಲೆ ಎಲ್ಲರೂ ಟ್ರಕ್ಕಿನ ಹಿಂದೆ ಕೂತು, "ಇಪ್ಪೂ, ಮಾಮಾನ ಮಾಡೋ, ಶ್ರೀಕಂಠ ಅಂಕಲ್‌ನ ಮಾಡೋ" ಎನ್ನುವರು. ನಾನು ಮಾಡುವೆ, ಅವರು ನಗುವರು, ಮತ್ತೆ ಕೋವಿ ಎತ್ತಿಕೊಂಡು ಹೋಗುವರು. ಪಾತ್ರೆ ನನಗೆ. ಮೂರನೆಯ ವರ್ಷ ಆ ಖಾಲಿ ಡಬ್ಬಿಯ ಪಕ್ಕ ಕೂತು ನಿಶ್ಚಯ ಮಾಡಿದೆ: ಮುಂದಿನ ನವೆಂಬರಿಗೆ ನನ್ನ ತೋಳಿನ ಮೇಲೆ ನನ್ನದೇ ಕೋವಿ ಇರಬೇಕು.

ಬೇಟೆಯ ತರಗತಿಗೆ ಹೋದೆ, ಪರೀಕ್ಷೆ ಪಾಸಾದೆ, ಪರವಾನಗಿ ತಂದೆ. ಉಳಿದದ್ದು ಎರಡೇ: ಕೋವಿ, ಮತ್ತು ಅಮ್ಮಿ.

"ನಿನ್ನ ಕೈಗೆ ಬಂದೂಕಾ?" ಎಂದರು ಅಮ್ಮಿ, ಕೊತ್ತಂಬರಿ ಹೆಚ್ಚುತ್ತ. "ನೀನು ಪಾತ್ರೆ ತೊಳೆಯೋದನ್ನೂ ಯಾರದ್ದೋ ಥರ ತೊಳೀತೀಯ. ಮೊನ್ನೆ ನಮಾಜಿಗೆ ನಿಂತಾಗ ನಿಮ್ಮ ಅಬ್ಬಾನ ಥರ ಸೊಂಟ ಹಿಡ್ಕೊಂಡೆ. ಬಂದೂಕು ನಾಟಕದ ಸಾಮಾನಲ್ಲ. ನಾನು ಕಣ್ಣಾರೆ ನೋಡಿ ಸರಿ ಅನ್ನೋವರೆಗೂ ಅದು ಈ ಹೊಸ್ತಿಲು ದಾಟಲ್ಲ. ನವೆಂಬರ್ ಒಳಗೆ ಆಗ್ಲಿಲ್ಲ ಅಂದ್ರೆ ಡಬ್ಬಿ ಇದ್ದೇ ಇದೆ."

ಶರತ್ತು ಸ್ಪಷ್ಟವಾಗಿತ್ತು. ಕ್ಯಾಲೆಂಡರ್ ಅಕ್ಟೋಬರಿನಲ್ಲಿತ್ತು.

ಮೊದಲ ಕೋವಿ ಜೋಡುನಳಿಗೆಯದೇ ಆಗಬೇಕೆಂಬುದರಲ್ಲಿ ನಮ್ಮ ಬಳಗಕ್ಕೆ ಭಿನ್ನಾಭಿಪ್ರಾಯವಿಲ್ಲ. ಅದನ್ನು ನಡುವೆ ಮಡಚಿ ಬಾಯಿ ತೆರೆದು ತೋಳಿಗೆ ಹಾಕಿಕೊಂಡರೆ, ಗದ್ದೆಯ ಆ ತುದಿಯಲ್ಲಿರುವವನಿಗೂ ಒಳಗೆ ಏನೂ ಇಲ್ಲ, ಭಯವಿಲ್ಲ ಎಂದು ಕಾಣುತ್ತದೆ. ಜಗಳವೆಲ್ಲ ಆ ಎರಡು ನಳಿಗೆ ಹೇಗೆ ಸಂಸಾರ ಮಾಡಬೇಕು ಎಂಬುದರಲ್ಲಿ. ನಜೀರ್ ಮಾಮಾ 'ಅಕ್ಕಪಕ್ಕ'ದ ಪಕ್ಷ. ಶ್ರೀಕಂಠ ಅಂಕಲ್ 'ಮೇಲೆ-ಕೆಳಗೆ' ಪಕ್ಷ.

ಶ್ರೀಕಂಠ ಅಂಕಲ್ ಏಪೆಕ್ಸ್‌ನ ನಮ್ಮ ಬೀದಿಯವರೇ, ಮೂಲತಃ ಮೈಸೂರಿನ ಸರಸ್ವತೀಪುರಂನವರು. ಆರಡಿ ಎರಡಂಗುಲ, ಅದರಲ್ಲಿ ಕತ್ತೇ ಒಂದಡಿ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ, ಆದರೆ ಈ ಸುತ್ತಿನಲ್ಲಿ ಅವರಷ್ಟು ಗುರಿಕಾರ ಇನ್ನೊಬ್ಬನಿಲ್ಲ. ಯಂತ್ರದಿಂದ ಹಾರುವ ಮಣ್ಣಿನ ತಟ್ಟೆಗಳನ್ನು ಮಾತ್ರ ಹೊಡೆಯುತ್ತಾರೆ. "ಮಣ್ಣಿನ ಹಕ್ಕಿ ಕಣಯ್ಯ, ಪೂರ್ತಿ ವೆಜಿಟೇರಿಯನ್. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ" ಎನ್ನುತ್ತಾರೆ. ನವೆಂಬರಿನ ಶನಿವಾರ ಅವರೂ ಬರುತ್ತಾರೆ, ಮೊಸರನ್ನದ ಬುತ್ತಿ ಕಟ್ಟಿಕೊಂಡು. ರೈತರ ನಾಯಿಯ ಹಗ್ಗ ಹಿಡಿಯುವುದು ಅವರ ಪಾಲಿನ ಕೆಲಸ. "ಇಪ್ಪು, ಮೇಲೆ-ಕೆಳಗೆ ತಗೋ. ಒಂದೇ ಗೆರೆ, ಕಣ್ಣಿಗೆ ಗೊಂದಲ ಇಲ್ಲ." ಮಾಮಾಗೆ ಫೋನ್ ಮಾಡಿದರೆ, "ಅದು ಸೈಕಲ್ ಪಂಪ್ ಕಣೋ! ಬಂದೂಕು ಅಂದ್ರೆ ಅಕ್ಕಪಕ್ಕ. ಎರಡು ಕುದುರೆ, ಒಂದು ಟಾಂಗಾ!"

ಇದನ್ನು ಅವರಿಬ್ಬರ ದನಿಯಲ್ಲಿ ಬರೆಯಲಾಗದಿರುವುದು ನನ್ನ ಬದುಕಿನ ದೊಡ್ಡ ನಷ್ಟ.

ಏಪೆಕ್ಸ್‌ನಿಂದ ಮುಕ್ಕಾಲು ಗಂಟೆ ದಕ್ಷಿಣಕ್ಕೆ ಡ್ರೈವ್ ಮಾಡಿದರೆ ಒಂದು ಹಳೆಯ ಅಂಗಡಿ. ಅದರ ಯಜಮಾನ ಹ್ಯಾಂಕ್. ಎಪ್ಪತ್ತು ದಾಟಿದ ಮುದುಕ, ಪ್ಯಾಂಟಿಗೆ ಹೆಗಲಪಟ್ಟಿ, ಮಾತಿಗೆ ಬೆಲ್ಲದ ಪಾಕ. ಒಂದು ವಾಕ್ಯ ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ನೀವು ಒಂದು ಕಾಫಿ ಕುಡಿದು ಬರಬಹುದು. ಅಂಗಡಿಯ ಹಿಂದೆ ಬಯಲಿದೆ. ಕೊಳ್ಳುವ ಮೊದಲು ಮಣ್ಣಿನ ತಟ್ಟೆ ಹಾರಿಸಿ ಹೊಡೆದು ನೋಡಬಹುದು.

ಹ್ಯಾಂಕ್ ಹೇಳಿದ ಮೊದಲ ಪಾಠ ಇದು: ಕೋವಿಯನ್ನು ಕೊಳ್ಳುವುದು ಚಪ್ಪಲಿ ಕೊಂಡ ಹಾಗೆ. ಚಂದ ನೋಡಬೇಡ, ಅಳತೆ ನೋಡು. ಹಿಂಬದಿಯ ಮರದ ಭಾಗ, ಮಾಮಾ ಅದನ್ನು ಕುಂದ ಎನ್ನುತ್ತಾರೆ, ನಿನ್ನ ಹೆಗಲಿಗೂ ಕೆನ್ನೆಗೂ ಸರಿಯಾಗಿ ಕೂರಬೇಕು. ಕಣ್ಣು ಮುಚ್ಚು. ಕೋವಿ ಎತ್ತಿ ಹೆಗಲಿಗಿಡು. ಕಣ್ಣು ತೆರೆ. ನಳಿಗೆಯ ತುದಿಯ ಆ ಪುಟ್ಟ ಮಣಿಯೊಂದೇ ಎದುರಿಗೆ ನೆಟ್ಟಗೆ ಕಂಡರೆ ಅದು ನಿನ್ನ ಕೋವಿ. ಕತ್ತು ಚಾಚಬೇಕಾಗಿ ಬಂದರೆ ಬೇರೆ ಯಾರದ್ದೋ ಕೋವಿ.

ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಶ್ರೀಕಂಠ ಅಂಕಲ್ ಇದ್ದರು. ಅವರು ಕೊಟ್ಟ ಮೇಲೆ-ಕೆಳಗೆ ನಳಿಗೆಯ ಉದ್ದನೆಯ ಕೋವಿ ಎತ್ತಿದೆ. ಕಣ್ಣು ತೆರೆದೆ. ಮಣಿ! ಸೂಜಿಯ ತುದಿಯ ಹಾಗೆ, ಎದುರಿಗೇ!

"ಹೊಲಿಸಿದ ಹಾಗಿದೆ" ಎಂದರು ಹ್ಯಾಂಕ್.

ಬಯಲಿಗೆ ಹೋದೆವು. ಹತ್ತು ತಟ್ಟೆ ಹಾರಿದವು. ಹತ್ತೂ ಕ್ಷೇಮವಾಗಿ ಹುಲ್ಲಿನ ಮೇಲೆ ಇಳಿದವು. ಕೋವಿಯ ಒದೆತಕ್ಕೆ ನನ್ನ ಕೆನ್ನೆ ಮಾತ್ರ ಬನ್ನಿನಂತೆ ಉಬ್ಬಿತು. "ಕೊಡು ಇಲ್ಲಿ" ಎಂದು ಶ್ರೀಕಂಠ ಅಂಕಲ್ ಅದೇ ಕೋವಿಯಲ್ಲಿ ಹತ್ತಕ್ಕೆ ಒಂಬತ್ತು ಪುಡಿ ಮಾಡಿದರು. "ಎಂಥಾ ಕೋವಿ ಮಾರಾಯ! ನಂಗೇ ಅಂತ ಮಾಡ್ಸಿದಂಗಿದೆ!"

ಮುಂದಿನ ಶನಿವಾರ ಮಾಮಾ ಐದು ಗಂಟೆ ಗಾಡಿ ಓಡಿಸಿಕೊಂಡು ಬಂದರು, ಸೋದರಳಿಯನನ್ನು ಸೈಕಲ್ ಪಂಪಿನಿಂದ ಕಾಪಾಡಲು. ಅಕ್ಕಪಕ್ಕದ ನಳಿಗೆಯ ದಪ್ಪನೆಯ ಕೋವಿಯೊಂದನ್ನು ಆರಿಸಿ ಕೊಟ್ಟರು. ಕಣ್ಣು ಮುಚ್ಚಿದೆ, ಎತ್ತಿದೆ, ತೆರೆದೆ. ಮಣಿ! ಮತ್ತೆ ಹೊಲಿಸಿದ ಹಾಗೆ! ಬಯಲಲ್ಲಿ ಮತ್ತೆ ಹತ್ತಕ್ಕೆ ಸೊನ್ನೆ. ಮಾಮಾ ಹೊಟ್ಟೆ ಮುಂದೆ ಮಾಡಿ, ಹಿಮ್ಮಡಿ ಅಗಲಿಸಿ, ಹತ್ತಕ್ಕೆ ಎಂಟು ಹೊಡೆದರು. "ಸುಭಾನಲ್ಲಾ, ನನ್ನ ಹೆಗಲಿಗೇ ಹುಟ್ಟಿದ್ದು!" ಎಂದರು.

ಹ್ಯಾಂಕ್ ತಲೆ ಕೆರೆದುಕೊಂಡು ಮೂರನೆಯದನ್ನು ತಾವೇ ಒಳಗಿನಿಂದ ತಂದರು. ನಾನು ಕಣ್ಣು ಮುಚ್ಚಿ ಎತ್ತಿದೆ. ಕಣ್ಣು ತೆರೆದಾಗ ಹ್ಯಾಂಕ್ ನನ್ನನ್ನೇ ದಿಟ್ಟಿಸುತ್ತಿದ್ದರು.

"ಮಗಾ," ಎಂದರು ತಮ್ಮ ಪಾಕದ ದನಿಯಲ್ಲಿ, "ಮೊದಲ ಸಲ ಬಂದಾಗ ನೀನು ಆ ಉದ್ದ ಮನುಷ್ಯನ ಹೆಗಲು ತಂದಿದ್ದೆ. ಇವತ್ತು ಬೆಳಿಗ್ಗೆ ಈ ದಪ್ಪ ಮನುಷ್ಯನ ಹೆಗಲು. ಈಗ ಇರೋದು ನನ್ನದು. ನಲವತ್ತು ವರ್ಷದ ಹಿಂದೆ ಟ್ರ್ಯಾಕ್ಟರಿಂದ ಬಿದ್ದು ವಾಲಿದ ಹೆಗಲು, ನಂಗೆ ಗೊತ್ತಾಗಲ್ವಾ? ದಯವಿಟ್ಟು ವಾಪಸ್ ಕೊಡು. ನಿಂದು ಎಲ್ಲಿದೆ?"

ಮಾಮಾ ಕುರ್ಚಿ ಹಿಡಿದು ನಕ್ಕರು. ನಾನೂ ನಕ್ಕೆ, ಅವರ ಹಾಗೆಯೇ. ನಗು ಮುಗಿದ ಮೇಲೆ ಕೋವಿಯನ್ನು ಮೇಜಿನ ಮೇಲಿಟ್ಟೆ. ನಿಂದು ಎಲ್ಲಿದೆ? ಒಳ್ಳೆಯ ಪ್ರಶ್ನೆ. ನನ್ನ ಎತ್ತರ ಐದಡಿ ಐದಂಗುಲ. ಕಣ್ಣು ಮುಚ್ಚಿದರೆ ನಾನು ಆರಡಿ ಎರಡಂಗುಲವೂ ಆಗಬಲ್ಲೆ, ನೂರು ಕಿಲೋ ಕೂಡ ಆಗಬಲ್ಲೆ. ಆದರೆ ತಟ್ಟೆ ಹಾರುವ ಗಳಿಗೆಯಲ್ಲಿ ವೇಷ ಕಳಚಿಬೀಳುತ್ತದೆ, ಮೈ ತನ್ನ ಜಾಗಕ್ಕೆ ವಾಪಸಾಗುತ್ತದೆ, ಕೋವಿ ಮಾತ್ರ ಬೇರೆಯವರ ಅಳತೆಯಲ್ಲಿ ಉಳಿಯುತ್ತದೆ.

ಇದು ಹೊಸ ರೋಗವೇನಲ್ಲ ಎಂದು ದಾರಿಯಲ್ಲಿ ನೆನಪಾಯಿತು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಬಲೂನು ಹೊಡೆಯುವ ಅಂಗಡಿ ಇರುತ್ತಿತ್ತು. ನಾನು ಎಂಟು ವರ್ಷದವನು. ನನ್ನ ಮುಂದೆ ಮೀಸೆಯ ಪೇದೆಯೊಬ್ಬ ಆರಕ್ಕೆ ಆರು ಬಲೂನು ಹೊಡೆದು ಹೆಂಡತಿಗೆ ಪ್ಲಾಸ್ಟಿಕ್ ಸೋಪುಡಬ್ಬಿ ಗೆದ್ದು ಕೊಟ್ಟ. ನಾನು ಅವನ ಹಾಗೆಯೇ ಕಾಲು ಅಗಲಿಸಿ, ಇಲ್ಲದ ಮೀಸೆಯನ್ನು ತಿರುವಿ, ಅವನ ಹಾಗೆಯೇ ಎಡಗಣ್ಣು ಮುಚ್ಚಿ ಹೊಡೆದೆ. ಗುಂಡು ಹಿಂದಿನ ತಗಡಿಗೆ ತಾಗಿ ಠಣ್ ಎಂದಿತು. ಆರು ಸಲ ಠಣ್. ಅಂಗಡಿಯವನು, "ಮೀಸೆ ಬರ್ಲಿ, ಆಮೇಲೆ ಬಾ ಮರಿ" ಎಂದ. ಮೀಸೆ ಬಂತು. ಠಣ್ ಮಾತ್ರ ಹೋಗಿರಲಿಲ್ಲ.

ಆ ವಾರವಿಡೀ ಛತ್ರಿಯನ್ನೇ ಕೋವಿಯ ಹಾಗೆ ಕೆನ್ನೆಗೊತ್ತಿ ಹಿಡಿದು ಕನ್ನಡಿಯೆದುರು ನಿಂತೆ. ನನ್ನ ಹಾಗೆ ನಿಲ್ಲಬೇಕು, ಅಷ್ಟೇ ತಾನೆ? ಆದರೆ ಕನ್ನಡಿಯಲ್ಲಿರುವವನನ್ನು ನೋಡಿದ ಕೂಡಲೇ ನಾನು ಅವನನ್ನು ಅಣಕಿಸತೊಡಗುತ್ತಿದ್ದೆ. ಅವನು ನನ್ನನ್ನು ಅಣಕಿಸುತ್ತಿದ್ದ. ಇಬ್ಬರೂ ಕಳ್ಳರು, ಯಾರನ್ನು ಕೇಳುವುದು? ಆಫೀಸಿನ ಆನ್‌ಲೈನ್ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಕ್ಯಾಮರಾ ಆನ್ ಇದೆಯೆಂಬುದನ್ನು ಮರೆತು ಛತ್ರಿ ಎತ್ತಿದೆ. ನಮ್ಮ ಮ್ಯಾನೇಜರ್ ಗಾಬರಿಯಿಂದ, "ಅಲ್ಲೇನು ಒಳಗೇ ಮಳೆಯಾ?" ಎಂದು ಕೇಳಿದಳು. ಅಮ್ಮಿ ಅಡುಗೆಮನೆಯಿಂದ ಎಲ್ಲವನ್ನೂ ನೋಡುತ್ತಿದ್ದರು.

ಶನಿವಾರ ಬೆಳಿಗ್ಗೆ ನಾನು ಕಾರಿನ ಕೀ ಎತ್ತಿಕೊಂಡರೆ, ಅಮ್ಮಿ ಬುರ್ಖಾ ತೊಟ್ಟು, ಪರ್ಸು ಹಿಡಿದು, ಛತ್ರಿ ಊರಿಕೊಂಡು ಬಾಗಿಲಲ್ಲಿ ಸಿದ್ಧರಾಗಿದ್ದರು.

"ಮೋಡ ಆಗಿದೆ" ಎಂದರು, ಛತ್ರಿಗೆ ಸಮಜಾಯಿಷಿ ಕೊಡುವಂತೆ. "ಸೋಫಾ ತರೋಕೂ ನಾನೇ ಹೋಗಿದ್ದು. ಇದಕ್ಕೂ ನಾನೇ ಬರ್ತೀನಿ. ಬೇಡ ಅನ್ನೋದಿದ್ರೆ ಅಲ್ಲೇ ಅಂದ್ಬಿಡ್ತೀನಿ, ನಿಂಗೂ ಡೀಸೆಲ್ ಉಳಿಯುತ್ತೆ."

"ಅಮ್ಮೀ, ನಮ್ಮ ಕಾರು ಎಲೆಕ್ಟ್ರಿಕ್."

"ಕರೆಂಟ್ ಉಳಿಯುತ್ತೆ. ನಡಿ."

ಅಮ್ಮಿ ಬಂದೂಕಿನ ಅಂಗಡಿಯನ್ನು ಹೊಕ್ಕ ಪರಿಯನ್ನು ನೀವು ನೋಡಬೇಕಿತ್ತು. ದೇವರಾಜ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವ ನಡಿಗೆ. ಒಂದೊಂದು ಕೋವಿಯ ಮರವನ್ನೂ ಬೆರಳಿನಿಂದ ಟಕಟಕ ಬಡಿದರು. ಒಂದನ್ನು ಮೂಸಿದರು. "ಇದು ಯಾಕೆ ಇಷ್ಟು ಹೊಳೆಯುತ್ತೆ? ಪಾಲಿಶ್ ಹೊಡೆದು ಹಳೇದನ್ನ ಹೊಸದು ಅಂತೀರಾ?" ಹ್ಯಾಂಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಬೀಗದ ಪೆಟ್ಟಿಗೆ ತೋರಿಸಿದರು. ಅಮ್ಮಿ ಬೀಗವನ್ನು ಮೂರು ಸಲ ಹಾಕಿ ತೆಗೆದರು, "ಕೀ ನನ್ನ ಹತ್ತಿರ ಇರುತ್ತೆ" ಎಂದು ನನ್ನ ಕಡೆ ತಿರುಗಿ ಘೋಷಿಸಿದರು. ಜೋಡುನಳಿಗೆಯನ್ನು ನಡುವೆ ಮಡಚಿ, ಬಾಯಿ ತೆರೆದು ತೋಳಿಗೆ ಹಾಕಿ ತೋರಿಸಿದಾಗ ಮಾತ್ರ ಮುಖ ಸ್ವಲ್ಪ ಸಡಿಲವಾಯಿತು. "ಹಾಂ. ಇದು ಮರ್ಯಾದಸ್ಥ ಸಾಮಾನು. ಹೊಟ್ಟೆಯೊಳಗೆ ಏನಿದೆ ಅಂತ ತೋರಿಸಿಬಿಡುತ್ತೆ."

"ಸಮಸ್ಯೆ ಕೋವಿಯದ್ದಲ್ಲ ಮೇಡಂ" ಎಂದರು ಹ್ಯಾಂಕ್. "ನಿಮ್ಮ ಮಗ ಹೇಗೆ ನಿಲ್ತಾನೆ ಅಂತ ಅವನಿಗೇ ಗೊತ್ತಿಲ್ಲ. ನಾನು ಯಾರ ಅಳತೆ ತಗೊಳ್ಲಿ?"

ಅಮ್ಮಿ ಒಂದು ಕ್ಷಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಪರ್ಸನ್ನು ಗಾಜಿನ ಮೇಜಿನ ಮೇಲಿಟ್ಟರು.

"ಇವನು ನಿಲ್ಲೋದು ಗೊತ್ತಾಗಬೇಕಾ? ಇವನು ನಿಜವಾಗಿ ನಿಲ್ಲೋದು ಒಂದೇ ಕಡೆ. ಫ್ರಿಜ್ ಮುಂದೆ."

ಎಂದವರೇ ಬಲಗಾಲನ್ನು ಎಡಪಾದದ ಮೇಲೆ ಏರಿಸಿದರು. ಹೊಟ್ಟೆ ಸಡಿಲ ಬಿಟ್ಟರು. ಎಡಹೆಗಲು ಜಾರಿತು. ಕತ್ತು ಆಮೆಯ ಕತ್ತಿನಂತೆ ಒಳಗೆ ಹೋಯಿತು, ಗಲ್ಲ ಮಾತ್ರ ಮುಂದಕ್ಕೆ ಬಂತು. ಒಂದು ಕೈ ಗಾಳಿಯಲ್ಲಿ ಇಲ್ಲದ ಫ್ರಿಜ್ಜಿನ ಬಾಗಿಲನ್ನು ಹಿಡಿದಿತ್ತು. ಕಣ್ಣು ಒಂದೊಂದೇ ಅರೆಯನ್ನು ಇಳಿದು ಇಳಿದು, ತಳದ ತರಕಾರಿ ಡ್ರಾಯರಿಗೆ ಬಂದು, ಅಲ್ಲಿಂದ ನಿರಾಶೆಯಲ್ಲಿ ಮೇಲಕ್ಕೆ ಬಂತು. ಆಮೇಲೆ ನನ್ನ ದನಿ, ನನ್ನದೇ, ಮೂಗಿನಲ್ಲಿ ಎಳೆಯುವ, ನಾನು ಈವರೆಗೆ ಹೊರಗಿನಿಂದ ಕೇಳಿರದ ದನಿ, ಬುರ್ಖಾದೊಳಗಿಂದ ಹೊರಟಿತು: "ಅಮ್ಮೀಈಈ... ತಿನ್ನೋಕೆ ಏನೂ ಇಲ್ವಾಆಆ?"

ಶ್ರೀಕಂಠ ಅಂಕಲ್ ಆವತ್ತೂ ಬಂದಿದ್ದರು. ಆ ಉದ್ದ ಕತ್ತು ನಗುವಿಗೆ ಎರಡಾಗಿ ಮಡಚಿಕೊಂಡಿತು, ಜೋಡುನಳಿಗೆಯ ಹಾಗೆ. ಹ್ಯಾಂಕ್‌ಗೆ ನಮ್ಮ ಮನೆಮಾತು ಬಾರದು. ಆದರೆ ಫ್ರಿಜ್ ಎಲ್ಲ ದೇಶದಲ್ಲೂ ಒಂದೇ. ಮುದುಕ ಹೆಗಲಪಟ್ಟಿ ಹಿಡಿದು ಕಣ್ಣೀರು ಬರುವಷ್ಟು ನಕ್ಕು, "ಇವನೇ! ಇವನೇ! ಅಲ್ಲಾಡಬೇಡಿ ಮೇಡಂ, ಹಾಗೇ ಇರಿ!" ಎಂದು ಟೇಪು ತಂದರು. ಅಮ್ಮಿ ಛತ್ರಿಯನ್ನು ಎತ್ತಿ, ನಾನು ಎತ್ತುವ ಹಾಗೆ, ಹೆಗಲಿಗಿಟ್ಟರು. ಹ್ಯಾಂಕ್ ಅಮ್ಮಿಯನ್ನು ಮುಟ್ಟದೆ, ಛತ್ರಿಯ ಉದ್ದಕ್ಕೆ ಗೌರವದಿಂದ ಅಳತೆ ಹಿಡಿದರು. ಇಪ್ಪತ್ತೇಳು ವರ್ಷದ ಗಂಡಸಿನ ಕೋವಿಗೆ ಅವನ ತಾಯಿಯ ಅಳತೆ ತೆಗೆದದ್ದು ಆ ಅಂಗಡಿಯಲ್ಲಿ ಅದೇ ಮೊದಲಿರಬೇಕು.

ನಾನೇನು ಮಾಡುತ್ತಿದ್ದೆ? ಬಾಯಿ ತೆರೆದು ನೋಡುತ್ತಿದ್ದೆ. ಎಲ್ಲರನ್ನೂ ಕದ್ದವನ ಮನೆಯಲ್ಲಿ ಇಷ್ಟು ದಿನ ಇಷ್ಟು ಸಲೀಸಾಗಿ ಕಳ್ಳತನ ನಡೆದಿದೆ, ನನಗೆ ಸುಳಿವೇ ಇಲ್ಲ! ಹೆಡ್‌ಮಾಸ್ಟರ ಎರಡನೆಯ ಕೆಮ್ಮು ಆಗ ಕಿವಿಯಲ್ಲಿ ಕೇಳಿಸಿತು.

"ಅಮ್ಮೀ, ನಿಮಗೆ ಮಿಮಿಕ್ರಿ ಬರುತ್ತಾ?"

"ಮೂವತ್ತು ವರ್ಷ ಟೀಚರ್ ಕೆಲಸ ಮಾಡಿದೀನಿ. ಸ್ಟಾಫ್ ರೂಮಲ್ಲಿ ಮತ್ತೇನು ಮಾಡ್ತಿದ್ವಿ ಅನ್ಕೊಂಡಿದೀಯ?"

ಹ್ಯಾಂಕ್ ಒಳಗೆ ಹೋಗಿ, ತುಂಬ ಹೊತ್ತು ಏನನ್ನೋ ಸರಿಸಿ, ಒಂದು ಪುಟ್ಟ ಕೋವಿ ತಂದರು. ಅಕ್ಕಪಕ್ಕದ ನಳಿಗೆ, ತೆಳ್ಳಗೆ, ಎರಡು ಕುದುರೆ. ಗಿಡ್ಡ ಕುಂದ. ನಳಿಗೆಯ ನೀಲಿ ಮೆರುಗು ಅಲ್ಲಲ್ಲಿ ಸವೆದು ಬೆಳ್ಳಗಾಗಿತ್ತು, ಮರದ ಮೇಲೆ ಉಗುರು ಗೀಚಿದಂಥ ಒಂದು ಗೆರೆ. ಯಾರೋ ಕುಳ್ಳ ಪೋಸ್ಟ್‌ಮನ್ನನದಂತೆ. ಎಷ್ಟು ವರ್ಷದಿಂದಲೋ ಕೊಳ್ಳುವವರಿಲ್ಲದೆ ಮೂಲೆಯಲ್ಲಿತ್ತಂತೆ. ಶ್ರೀಕಂಠ ಅಂಕಲ್ ಎತ್ತಿ ನೋಡಿದರು. ಅವರ ಕೈಯಲ್ಲಿ ಅದು ಕೊಳಲಿನ ಹಾಗೆ ಕಂಡಿತು. ಆಗಲೇ ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು. ಇದು ಅವರಿಗೆ ಆಗುವುದಿಲ್ಲ. ಮಾಮಾಗೂ ಆಗುವುದಿಲ್ಲ.

ಬಯಲಲ್ಲಿ ಮೊದಲ ಎರಡು ತಟ್ಟೆ ತಪ್ಪಿದವು. ಅಭ್ಯಾಸಬಲ, ಕತ್ತು ತಾನಾಗಿ ಒಂದಡಿ ಮೇಲೆದ್ದಿತ್ತು. ಹಿಂದಿನಿಂದ, ಕಿವಿಗೆ ಹತ್ತಿ ತುರುಕಿಕೊಂಡು ಬೆಂಚಿನ ಮೇಲೆ ಕೂತ ಅಮ್ಮಿ ಕೂಗಿದರು: "ಇಪ್ಪೂ! ಫ್ರಿಜ್!"

ಕತ್ತು ಇಳಿಯಿತು. ಹೆಗಲು ಜಾರಿತು. ತಟ್ಟೆ ಹಾರಿತು, ಒಡೆಯಿತು. ಕರಿ ಪುಡಿ ಗಾಳಿಯಲ್ಲಿ ಕಾಫಿಪುಡಿಯ ಹಾಗೆ ತೇಲಿತು. ಹತ್ತಕ್ಕೆ ಆರು. ನಾನು ಕುಣಿದೆ, ಮೊದಲು ಕೋವಿ ಮಡಚಿ, ಬಾಯಿ ತೆರೆದು, ಬೆಂಚಿನ ಮೇಲಿಟ್ಟು, ಆಮೇಲೆ ಕುಣಿದೆ. ಅದನ್ನು ಅಮ್ಮಿ ಗಮನಿಸಿದರು. ಪರ್ಸು ಎತ್ತಿಕೊಂಡು ಎದ್ದು, "ಸರಿ. ಬರ್ಲಿ ಮನೆಗೆ" ಎಂದರು. ಅಷ್ಟೇ. ಸೋಫಾಕ್ಕೂ ಅಷ್ಟೇ ಹೇಳಿದ್ದು.

ನವೆಂಬರ್ ಕೊನೆಯ ಶನಿವಾರ ಬಂತು. ಹುಲ್ಲಿನ ಮೇಲೆ ಮಂಜು ಕೂತಿತ್ತು. ನನ್ನ ತೋಳಿನ ಮೇಲೆ ಕೋವಿ, ಬಾಯಿ ತೆರೆದು, ಆಕಳಿಸುವ ಮಗುವಿನ ಹಾಗೆ. ಈ ಸಲ ಅಮ್ಮಿಯೂ ಬಂದಿದ್ದರು. ಟ್ರಕ್ಕಿನಿಂದ ಇಳಿದವನ ಇನ್ನೊಂದು ಕೈಗೆ ಡಬ್ಬಿಯ ಹಿಡಿ ಕೊಟ್ಟರು.

"ಅಮ್ಮೀ! ನಾನು ಈಗ ಕೋವಿಯವನು!"

"ಕೋವಿ ಬಂತು ಅಂತ ಹಸಿವು ಹೋಗುತ್ತಾ? ಮರದ ಹತ್ತಿರ ಇಟ್ಟು ಹೋಗು. ಇನ್ನೊಂದು ಮಾತು, ಸತ್ತ ಹಕ್ಕಿಗೆ ನನ್ನ ಅಡುಗೆಮನೇಲಿ ಪ್ರವೇಶ ಇಲ್ಲ. ಓಡಿಹೋಗಿ ಜೀವ ಇರುವಾಗಲೇ ಹಿಡಿ."

ನಮ್ಮವರ ಬೇಟೆ ಇರುವುದೇ ಹೀಗೆ. ಹೊಡೆಯುವಾಗ ಬಿಸ್ಮಿಲ್ಲಾ ಹೇಳಬೇಕು. ಹಕ್ಕಿ ಬಿದ್ದಲ್ಲಿಗೆ ಓಡಬೇಕು. ಜೀವವಿರುವಾಗಲೇ ಚಾಕುವಿನಿಂದ ಹಲಾಲ್ ಮಾಡಬೇಕು. ಹಾಗಾಗಿ ನಮ್ಮಲ್ಲಿ ಗುರಿಕಾರನಿಗಿಂತ ಓಟಗಾರನಿಗೆ ಬೆಲೆ. ನಜೀರ್ ಮಾಮಾ ಬಿಸ್ಮಿಲ್ಲಾವನ್ನು ಮದುವೆಯ ಊಟ ಶುರು ಮಾಡುವವರಂತೆ ಎಳೆದು ಹೇಳುತ್ತಾರೆ. ಅವರು ಅದರ ಕೊನೆಯಕ್ಷರ ಮುಟ್ಟುವಷ್ಟರಲ್ಲಿ ಲಾವಕ್ಕಿ ವರ್ಜೀನಿಯಾ ಗಡಿ ಮುಟ್ಟಿರುತ್ತದೆ.

ರೈತರ ನಾಯಿ ಒಂದು ಪೊದೆಯ ಮುಂದೆ ಕಲ್ಲಾಗಿ ನಿಂತಿತು. ಅದರ ಹಗ್ಗ ಸಡಿಲಿಸಿ ಶ್ರೀಕಂಠ ಅಂಕಲ್ ಪಿಸುಗುಟ್ಟಿದರು: "ಅಲ್ಲಿದಾವೆ. ಪಾಪ." ನಾನು ಎರಡು ತೋಟಾ ಹಾಕಿ ಕೋವಿ ಮುಚ್ಚಿದೆ. ಶ್ರೀಕಂಠ ಅಂಕಲ್‌ರ ಕತ್ತು ನೆನಪು ಮಾಡಿಕೊಳ್ಳಬಾರದು, ಮಾಮಾನ ಹೊಟ್ಟೆ ನೆನಪು ಮಾಡಿಕೊಳ್ಳಬಾರದು, ಫ್ರಿಜ್, ಫ್ರಿಜ್...

ಬುರ್ರ್ರ್!

ನೆಲವೇ ಸಿಡಿದ ಹಾಗೆ ಹನ್ನೆರಡು ಹಕ್ಕಿ ಒಟ್ಟಿಗೆ ಎದ್ದವು. ಆ ಸದ್ದಿಗೆ ತಲೆಯೊಳಗಿನ ಜನರೆಲ್ಲ ಎದ್ದು ಓಡಿಹೋದರು. ಅಂಕಲ್ ಇಲ್ಲ, ಮಾಮಾ ಇಲ್ಲ, ಹ್ಯಾಂಕ್ ಇಲ್ಲ, ಫ್ರಿಜ್ ಕೂಡ ಇಲ್ಲ. ಕೋವಿ ಯಾವಾಗ ಹೆಗಲಿಗೆ ಬಂತೋ ತಿಳಿಯದು. ಬಿಸ್ಮಿಲ್ಲಾ ಎಂಬ ದನಿ ಕೇಳಿಸಿತು. ಮೂಗಿನಲ್ಲಿ ಸ್ವಲ್ಪ ಎಳೆಯುವ, ಅಂಥಾ ಚಂದವೇನಲ್ಲದ ದನಿ. ಯಾರದ್ದು ಎಂದು ಯೋಚಿಸುವಷ್ಟರಲ್ಲಿ ಮೊದಲ ನಳಿಗೆ ತಪ್ಪಿತ್ತು. ಎರಡನೆಯದು ತಪ್ಪಲಿಲ್ಲ.

ಓಡಿದೆ. ಮುಳ್ಳಿನಲ್ಲಿ ಪ್ಯಾಂಟು ಹರಿಯಿತು. ಮಡಚಿದ ಕೋವಿ ಮಾಮಾನ ಕೈಗೆ ಹಾರಿಹೋಯಿತೋ, ಅವರೇ ಕಿತ್ತುಕೊಂಡರೋ ಗೊತ್ತಿಲ್ಲ. ನಾಯಿಗಿಂತ ಒಂದು ಮೂಗಿನಷ್ಟು ಮುಂದೆ ತಲುಪಿದೆ. ಅಂಗೈಯಲ್ಲಿ ಬೆಚ್ಚಗೆ, ಪುಟ್ಟದಾಗಿ, ಕಂದು ಮಚ್ಚೆಯ ಒಂದು ಜೀವ. ಚಾಕು ತೆಗೆಯುವ ಮೊದಲು ಒಂದು ಗಳಿಗೆ ಅದರ ಕಣ್ಣು ನೋಡಿದೆ. ಅದನ್ನು ಮಾತ್ರ ನಾನು ಈವರೆಗೆ ಯಾರೆದುರೂ ಮಾಡಿ ತೋರಿಸಿಲ್ಲ.

ಉಳಿದವರಿಗೆ ಆವತ್ತು ಏನೂ ಸಿಗಲಿಲ್ಲ. ಒಂದೇ ಲಾವಕ್ಕಿ, ಮುಷ್ಟಿಯಷ್ಟು, ಹನ್ನೆರಡು ಜನ. ಸಂಜೆ ಮನೆಗೆ ಬಂದು ಅಮ್ಮಿ ಎರಡು ಕೋಳಿಯ ಬಿರಿಯಾನಿ ಮಾಡಿ, ಅದರ ನೆತ್ತಿಯ ಮೇಲೆ ನನ್ನ ಹಕ್ಕಿಯನ್ನು ಕಿರೀಟದಂತೆ ಕೂರಿಸಿ ಮೇಜಿಗೆ ತಂದರು. ಎಲ್ಲರಿಗೂ ಒಂದೊಂದು ಎಳೆ ಮಾಂಸ, ಪ್ರಸಾದದ ಹಾಗೆ. ಮಾಮಾ ತಮ್ಮ ಎಳೆಯನ್ನು ಬೆಳಕಿಗೆ ಹಿಡಿದು, "ಇದು ಹಕ್ಕಿನಾ, ಕೇಸರಿನಾ?" ಎಂದರು. ಶ್ರೀಕಂಠ ಅಂಕಲ್ ಮೊಸರನ್ನ ಕಲಸುತ್ತ, "ನನ್ನ ಪಾಲು ಇಪ್ಪುಗೇ ಕೊಡಿ. ಓಡಿದ್ದು ಅವನೇ" ಎಂದರು.

ಊಟ ಮುಗಿದು, ಕೈ ತೊಳೆದು, ಎಲ್ಲರೂ ಗೋಡೆಗೆ ಒರಗಿದ ಮೇಲೆ ಪದ್ಧತಿಯ ಪ್ರಕಾರ ಮಾಮಾ ಶುರು ಮಾಡಿದರು. "ಇಪ್ಪೂ, ಮಾಡೋ ಏನಾದ್ರೂ. ನನ್ನ ಬಿಸ್ಮಿಲ್ಲಾ ಮಾಡು." ಮಾಡಿದೆ. ಶ್ರೀಕಂಠ ಅಂಕಲ್‌ರ "ಪಾಪ" ಮಾಡಿದೆ. ಹ್ಯಾಂಕ್‌ನ ಪಾಕ ಸುರಿಸಿದೆ. ನಕ್ಕು ನಕ್ಕು ಸುಸ್ತಾದ ಮಾಮಾ ಕಣ್ಣೊರೆಸಿಕೊಂಡು, "ಎಲ್ಲರನ್ನೂ ಮಾಡ್ದೆ. ಇವತ್ತು ಹಕ್ಕಿ ಹೊಡೆದನಲ್ಲ, ಆ ಹೀರೋನ ಮಾಡಪ್ಪ, ನೋಡೋಣ" ಎಂದರು.

ಎದ್ದು ನಿಂತೆ. ಕೈ ಎತ್ತಿದೆ. ಇಳಿಸಿದೆ. "ಮಾಮಾ, ಆ ಒಂದು ಐಟಂ ನನಗೆ ಬರಲ್ಲ" ಎಂದೆ.

ಮೂಲೆಯ ಕುರ್ಚಿಯಿಂದ ಅಮ್ಮಿ ಎದ್ದರು. ಎರಡು ಸಲ ಕೆಮ್ಮಿದರು. ಬಾಗಿಲ ಹಿಂದಿನ ಛತ್ರಿಗೆ ಕೈ ಹಾಕಿದರು.